ಗರ್ಭಕೊರಳಿನ ಕೋಶಬದಲಾವಣೆ ಮತ್ತೆ ಕಾಣಿಸಿಕೊಂಡಾಗ

ಸಿರುಗುಪ್ಪ, ಕುರುಗೋಡು ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಬಳ್ಳಾರಿಗೆ ಬಂದು, ಸತ್ಯನಾರಾಯಣಪೇಟೆಯ ಸುತ್ತಮುತ್ತ ಡಾಕ್ಟರಿಗೆ ತೋರಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಹೆಣ್ಣುಮಕ್ಕಳು ಬಹಳ. ಅವರಲ್ಲಿ ಕೆಲವರ ಕೈಚೀಲದಲ್ಲಿ ಪ್ಯಾಪ್ ಪರೀಕ್ಷೆಯ ವರದಿ ಇರುತ್ತದೆ. ಹೋದ ವರ್ಷ ‘ಕೋಶಗಳಲ್ಲಿ ಬದಲಾವಣೆ ಇದೆ’ ಎಂದಿತ್ತು, ಈ ವರ್ಷವೂ ಅದನ್ನೇ ಹೇಳಿದೆ. ಇಲ್ಲವೇ ಚಿಕಿತ್ಸೆ ಮುಗಿದು ವರ್ಷೊಪ್ಪತ್ತು ನೆಮ್ಮದಿಯಾಗಿದ್ದ ಮೇಲೆ ಅದೇ ಸಾಲು ಮತ್ತೆ ಕಾಣಿಸಿದೆ.

ಇಂಥ ವರದಿ ಹಿಡಿದವರಿಗೆ ನಮ್ಮ ಕಡೆ ಎರಡು ಬಗೆಯ ಸಲಹೆ ಬೇಗ ಸಿಗುತ್ತದೆ. ‘ಏನೂ ಆಗಂಗಿಲ್ಲ, ಬಿಡ್ರಿ’ ಎನ್ನುವುದು ಒಂದು. ‘ಮಕ್ಕಳಾಗ್ಯಾವಲ್ಲ, ಗರ್ಭಚೀಲ ತೆಗೆಸಿಬಿಡ್ರಿ, ಚಿಂತಿ ಹೋಗ್ತದ’ ಎನ್ನುವುದು ಇನ್ನೊಂದು. ಎರಡನ್ನೂ ಕೇಳಿ ಕೆಟ್ಟವರಿದ್ದಾರೆ. ಮರುಕಳಿಸುವ ಕೋಶಬದಲಾವಣೆಗೆ ಇವೆರಡರ ನಡುವೆ ಹಲವು ದಾರಿಗಳಿವೆ. ಯಾವುದು ಯಾರಿಗೆ ಸರಿ ಎಂಬುದು ವರದಿಯ ದರ್ಜೆ, ವಯಸ್ಸು, ಮಗು ಬೇಕೋ ಬೇಡವೋ ಎಂಬ ಆಸೆ, ಮತ್ತೆ ಮತ್ತೆ ಪರೀಕ್ಷೆಗೆ ಬರಲು ಆಗುತ್ತದೆಯೇ ಎಂಬ ಅನುಕೂಲ, ಇಷ್ಟನ್ನೂ ನೋಡಿ ತೀರ್ಮಾನವಾಗಬೇಕು.

ಬದಲಾವಣೆ ಎಲ್ಲಿ ಆಗುತ್ತದೆ

ಗರ್ಭಕೋಶದ ಕೆಳತುದಿ ಯೋನಿಯೊಳಗೆ ಇಳಿದು ನಿಂತಿರುವ ಭಾಗವೇ ಗರ್ಭಕೊರಳು. ಅದರ ಹೊರಮೈಯನ್ನು ಚಪ್ಪಟೆ ಕೋಶಗಳ ಹಲವು ಪದರಗಳು ಹೊದ್ದಿರುತ್ತವೆ. ಒಳನಾಳದಲ್ಲಿ ಲೋಳೆ ಸುರಿಸುವ ಉದ್ದನೆಯ ಕೋಶಗಳ ಒಂದೇ ಪದರ ಇರುತ್ತದೆ. ಎರಡೂ ಕೂಡುವ ಗಡಿ ಒಂದೇ ಕಡೆ ನಿಲ್ಲುವುದಿಲ್ಲ. ಹರೆಯದಲ್ಲಿ, ಬಸಿರಿನಲ್ಲಿ ಅದು ಹೊರಕ್ಕೆ ಬರುತ್ತದೆ, ಮುಟ್ಟು ನಿಂತ ಮೇಲೆ ನಾಳದೊಳಕ್ಕೆ ಸರಿಯುತ್ತದೆ. ಒಳಕೋಶಗಳು ಹೊರಕೋಶಗಳಾಗಿ ಮಾರ್ಪಡುತ್ತಲೇ ಇರುವ ಈ ವಲಯವನ್ನು ವೈದ್ಯರು ಟ್ರಾನ್ಸ್‌ಫಾರ್ಮೇಶನ್ ಝೋನ್ ಎನ್ನುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್ ಬಹುಪಾಲು ಹುಟ್ಟುವುದು ಇಲ್ಲೇ. ಐವತ್ತು ದಾಟಿದವರಲ್ಲಿ ಪರೀಕ್ಷೆ ಕಷ್ಟವಾಗುವುದೂ ಇದೇ ಕಾರಣಕ್ಕೆ. ನೋಡಬೇಕಾದ ಜಾಗವೇ ಕಣ್ಣಿಗೆ ಸಿಗದಂತೆ ಒಳಗೆ ಹೋಗಿಬಿಟ್ಟಿರುತ್ತದೆ.

ವೈರಸ್ ಮತ್ತು ವರ್ಷಗಳು

ಮೂಲ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರ ವೈದ್ಯಕೀಯ ನೊಬೆಲ್ ಬಂತು. ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕ್ಯಾನ್ಸರಿನ ಮಟ್ಟಿಗೆ ಅಪಾಯಕಾರಿ ಎನಿಸಿದವು ಸುಮಾರು 14. ಅದರಲ್ಲೂ 16 ಮತ್ತು 18ನೇ ಬಗೆಗಳೆರಡೇ ಜಗತ್ತಿನ ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಶೇಕಡ 70ರಷ್ಟಕ್ಕೆ ಕಾರಣ.

ಲೈಂಗಿಕ ಬದುಕು ಆರಂಭಿಸಿದ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಸಲ ಈ ಸೋಂಕು ತಗುಲಿರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಸೋಂಕನ್ನು ದೇಹವೇ ಎರಡು ವರ್ಷದೊಳಗೆ ಅಡಗಿಸುತ್ತದೆ. ಅಡಗದೆ ಉಳಿದದ್ದು ಕೋಶಗಳ ಬೆಳವಣಿಗೆಯ ಹದ ತಪ್ಪಿಸುತ್ತದೆ. ಆಗಲೂ ಕ್ಯಾನ್ಸರಿನ ತನಕ ಹೋಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕಾಗಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವರದಿಯಲ್ಲಿ ಎಚ್‌ಪಿವಿ ಎಂದು ಬಂದ ಕೂಡಲೇ ಗಂಡನ ಮೇಲೆ, ಇಲ್ಲವೇ ಹೆಂಡತಿಯ ಮೇಲೆ ಸಂಶಯ ಪಡುವ ಮನೆಗಳಿವೆ. ಈ ವೈರಸ್ ಯಾವ ಕುರುಹೂ ತೋರದೆ ವರ್ಷಗಟ್ಟಲೆ ಮಲಗಿದ್ದು ಆಮೇಲೆ ಏಳಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ಇಲ್ಲ. ಗಂಡಸರಿಗೆ ಮಾಡಿಸುವ ವಾಡಿಕೆಯ ಎಚ್‌ಪಿವಿ ಪರೀಕ್ಷೆಯೂ ಇಲ್ಲ. ಆದ್ದರಿಂದ ಈ ವರದಿಯನ್ನು ನಡತೆಗೆ ಸಾಕ್ಷಿ ಮಾಡುವುದು ವೈದ್ಯಕೀಯವಾಗಿಯೂ ಸುಳ್ಳು.

ವರದಿಯನ್ನು ಓದುವ ಬಗೆ

ಪ್ಯಾಪ್ ಪರೀಕ್ಷೆಗೆ ಆ ಹೆಸರು ಬಂದದ್ದು ಗ್ರೀಸ್ ಮೂಲದ ಜಾರ್ಜ್ ಪಾಪಾನಿಕೊಲಾವು ಅವರಿಂದ. ಅವರು ಮತ್ತು ಹರ್ಬರ್ಟ್ ಟ್ರಾಟ್ 1943ರಲ್ಲಿ ತಂದ ಪುಸ್ತಕದಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಈಗಿನ ವರದಿಗಳ ಭಾಷೆ 1988ರಲ್ಲಿ ರೂಪುಗೊಂಡ ಬೆಥೆಸ್ಡಾ ಪದ್ಧತಿಯದು.

ಮೊದಲು ನಮ್ಮ ಲ್ಯಾಬುಗಳಲ್ಲಿ ಅತಿ ಹೆಚ್ಚು ಕಾಣುವ ಸಾಲನ್ನು ನೋಡೋಣ: ‘ಇನ್‌ಫ್ಲಮೇಟರಿ ಸ್ಮಿಯರ್’. ಇದು ಉರಿಯೂತ ಮಾತ್ರ. ಇದನ್ನು ಕೋಶಬದಲಾವಣೆ ಎಂದು ಲೆಕ್ಕ ಹಿಡಿಯುವುದಿಲ್ಲ. ವರ್ಷಕ್ಕೊಮ್ಮೆ ಈ ಸಾಲು ಬಂದು, ವರ್ಷಕ್ಕೊಮ್ಮೆ ಮಾತ್ರೆ ನುಂಗಿ, ‘ನನಗ ಮತ್ತ ಮತ್ತ ಬರ್ತದ’ ಎಂದು ಕುಗ್ಗಿದವರು ಎಷ್ಟೋ ಮಂದಿ. ಅವರು ಈ ಲೇಖನದ ವಿಷಯಕ್ಕೆ ಸೇರಿದವರೇ ಅಲ್ಲ.

ನಿಜವಾದ ಬದಲಾವಣೆಯ ಸಾಲುಗಳು ಬೇರೆ. ‘ಆಸ್ಕಸ್’ ಎಂದರೆ ಕೋಶಗಳು ಸಹಜವಾಗಿಲ್ಲ, ಆದರೆ ಏನೆಂದು ಖಚಿತವಿಲ್ಲ. ‘ಎಲ್‌ಸಿಲ್’ ಎಂದರೆ ಕೆಳದರ್ಜೆಯ ಬದಲಾವಣೆ, ಹೆಚ್ಚಾಗಿ ಹೊಸ ಸೋಂಕಿನ ಗುರುತು. ‘ಆಸ್ಕ್‌–ಎಚ್’ ಮತ್ತು ‘ಎಚ್‌ಸಿಲ್’ ಮೇಲ್ದರ್ಜೆಯವು, ತಡಮಾಡದೆ ಮುಂದಿನ ಪರೀಕ್ಷೆ ಬೇಕು. ‘ಎಜಿಸಿ’ ಎಂಬುದು ಒಳನಾಳದ ಗ್ರಂಥಿಕೋಶಗಳಿಗೆ ಸಂಬಂಧಿಸಿದ್ದು. ಅಪರೂಪ, ಆದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗರ್ಭಕೋಶದ ಒಳಪದರವನ್ನೂ ನೋಡಬೇಕಾಗಬಹುದು. ಮುಟ್ಟು ನಿಂತವರಲ್ಲಿ ಹಾರ್ಮೋನ್ ಕೊರತೆಯಿಂದ ಒಣಗಿದ ಕೋಶಗಳು ಸಹ ಆಸ್ಕಸ್‌ನಂತೆ ಕಾಣುತ್ತವೆ. ಕೆಲ ವಾರ ಈಸ್ಟ್ರೊಜೆನ್ ಮುಲಾಮು ಹಚ್ಚಿ ಮತ್ತೆ ಸ್ಮಿಯರ್ ತೆಗೆದರೆ ಎಷ್ಟೋ ಸಲ ವರದಿ ಸರಿಯಾಗುತ್ತದೆ.

ಪ್ಯಾಪ್ ಹೇಳುವುದು ಅನುಮಾನವನ್ನು ಮಾತ್ರ. ತೀರ್ಪು ಕೊಡುವುದು ಬಯಾಪ್ಸಿ. ಅದರ ಭಾಷೆ ಸಿಐಎನ್ 1, 2, 3. ಅಮೆರಿಕದ ರಾಲ್ಫ್ ರಿಚರ್ಟ್ 1960ರ ದಶಕದಲ್ಲಿ ಕೊಟ್ಟ ಹೆಸರು ಇದು. ಕೆಟ್ಟ ಕೋಶಗಳು ಪದರದ ದಪ್ಪದಲ್ಲಿ ತಳದ ಮೂರನೇ ಒಂದು ಭಾಗದಲ್ಲಿದ್ದರೆ 1, ಮೂರನೇ ಎರಡು ಭಾಗಕ್ಕೆ ಏರಿದ್ದರೆ 2, ಮೇಲೆ ತನಕ ತುಂಬಿದ್ದರೆ 3. ಮೂರರಲ್ಲಿ ಯಾವುದೂ ಕ್ಯಾನ್ಸರಲ್ಲ. ಪದರದ ಕೆಳಗಿನ ಪೊರೆಯನ್ನು ಸೀಳಿ ಇಳಿದರೆ ಮಾತ್ರ ಕ್ಯಾನ್ಸರ್. 2ನೇ ದರ್ಜೆಯ ಬಗ್ಗೆ ಪೆಥಾಲಜಿ ತಜ್ಞರಲ್ಲೇ ಭಿನ್ನಾಭಿಪ್ರಾಯ ಬರುವುದುಂಟು. ಆಗ ಪಿ16 ಎಂಬ ಬಣ್ಣದ ಪರೀಕ್ಷೆ ನೆರವಿಗೆ ಬರುತ್ತದೆ.

ಕಾಲ್ಪೋಸ್ಕೋಪಿಯಲ್ಲಿ ಏನು ಕಾಣುತ್ತದೆ

ಹೆದರುವವರು ಬಹಳ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಲ್ಪೋಸ್ಕೋಪ್ ಎಂದರೆ ಬೆಳಕು ಬಿಡುವ, ದೊಡ್ಡದಾಗಿ ತೋರಿಸುವ ಉಪಕರಣ. 1925ರಲ್ಲಿ ಜರ್ಮನಿಯ ಹಾನ್ಸ್ ಹಿನ್ಸೆಲ್ಮನ್ ರೂಪಿಸಿದ್ದು. ಅದು ದೇಹದ ಹೊರಗೇ ನಿಂತಿರುತ್ತದೆ. ಒಳಗೆ ಹೋಗುವುದು ಸ್ಪೆಕ್ಯುಲಮ್ ಮಾತ್ರ, ಪ್ಯಾಪ್ ತೆಗೆಯುವಾಗ ಬಳಸಿದ ಅದೇ ಸಲಕರಣೆ.

ಗರ್ಭಕೊರಳಿಗೆ ಶೇಕಡ 3ರಿಂದ 5ರ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಹಚ್ಚುತ್ತಾರೆ. ವಿನೆಗರ್‌ನಲ್ಲಿರುವುದು ಇದೇ ಆಮ್ಲ. ಸ್ವಲ್ಪ ಚುರುಗುಟ್ಟುತ್ತದೆ. ಒಂದು ನಿಮಿಷ ಕಾಯಬೇಕು. ನಸುಗೆಂಪು ಮೈಯ ಮೇಲೆ, ಎರಡು ಬಗೆಯ ಕೋಶಗಳು ಕೂಡುವ ಗಡಿಗೆ ತಾಗಿದಂತೆ, ಬಿಳಿ ಮಚ್ಚೆ ಮೂಡತೊಡಗುತ್ತದೆ. ತೆಳುವಾಗಿ, ಅಂಚು ಸ್ಪಷ್ಟವಿಲ್ಲದೆ ಮೂಡಿ ಬೇಗ ಮಾಯವಾದರೆ ಸಾಮಾನ್ಯವಾಗಿ ಕೆಳದರ್ಜೆ. ಸುಣ್ಣ ಬಳಿದಂತೆ ದಟ್ಟವಾಗಿ, ಅಂಚು ಎದ್ದು ಕಾಣುವಂತೆ ನಿಂತರೆ ಮೇಲ್ದರ್ಜೆಯ ಅನುಮಾನ. ಆಮೇಲೆ ಅಯೋಡಿನ್ ಹಚ್ಚುತ್ತಾರೆ. ಸಹಜ ಕೋಶಗಳು ಕಡುಗಂದಾಗುತ್ತವೆ, ಕೆಟ್ಟ ಜಾಗ ಸಾಸಿವೆಯ ಹಳದಿಯಾಗಿ ಉಳಿಯುತ್ತದೆ. ಅನುಮಾನದ ಜಾಗದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಫಾರ್ಮಲಿನ್ ಬಾಟಲಿಗೆ ಹಾಕಿದರೆ ಅದೇ ಬಯಾಪ್ಸಿ. ಮುಟ್ಟಿನ ನೋವಿನಂಥ ಹಿಡಿತ ಬರುತ್ತದೆ, ಎರಡು–ಮೂರು ದಿನ ಕಲೆ ಕಾಣಬಹುದು. ಹೆಚ್ಚಿನವರು ಆ ದಿನವೇ ಬಸ್ಸು ಹತ್ತಿ ಊರಿಗೆ ಹೋಗಬಹುದು.

ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಆ ಗಡಿ ಪೂರ್ತಿ ಕಂಡಿತೇ?’ ಕಾಣದಿದ್ದರೆ ಒಳನಾಳದಿಂದಲೂ ಮಾದರಿ ಕೆರೆದು ತೆಗೆಯಬೇಕು. ಮುಂದಿನ ಚಿಕಿತ್ಸೆಯ ಆಯ್ಕೆ ಬಹುಪಾಲು ಈ ಒಂದು ಉತ್ತರದ ಮೇಲೆ ನಿಂತಿದೆ.

ಯಾವಾಗ ಕಾಯಬಹುದು, ಯಾವಾಗ ಕಾಯಬಾರದು

ಸಿಐಎನ್ 1 ಹೆಚ್ಚಿನಂಶ ತಾನಾಗಿ ಹೋಗುತ್ತದೆ. ಎರಡು ವರ್ಷ ದಾಟಿ ಉಳಿದರೂ ನಿಗಾ ಮುಂದುವರಿಸುವುದು ಒಪ್ಪುವ ದಾರಿಯೇ. ರೋಗಿಗೆ ಕಾದು ಸಾಕಾಗಿದ್ದರೆ ಚಿಕಿತ್ಸೆಯೂ ತಪ್ಪಲ್ಲ.

ಸಿಐಎನ್ 2 ತೂಗಿ ನೋಡಬೇಕಾದ ದರ್ಜೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಚಿಕಿತ್ಸೆಯಿಲ್ಲದೆ ಎರಡು ವರ್ಷ ಗಮನಿಸಿದಾಗ ಶೇ 50ರಷ್ಟು ಹಿಂದೆ ಸರಿದಿದ್ದವು, ಶೇ 32ರಷ್ಟು ಹಾಗೇ ಉಳಿದಿದ್ದವು, ಶೇ 18ರಷ್ಟು ಮುಂದಿನ ದರ್ಜೆಗೆ ಏರಿದ್ದವು. ಮೂವತ್ತರೊಳಗಿನವರಲ್ಲಿ ಹಿಂದೆ ಸರಿದದ್ದು ಶೇ 60. ಆದ್ದರಿಂದ ಇನ್ನೂ ಮಗು ಬೇಕೆನ್ನುವ ಚಿಕ್ಕವಯಸ್ಸಿನವರು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವ ಖಾತ್ರಿ ಇದ್ದರೆ ಕಾಯಬಹುದು. ಆ ‘ಖಾತ್ರಿ ಇದ್ದರೆ’ ಎನ್ನುವುದನ್ನು ಸಿರುಗುಪ್ಪದ ಗದ್ದೆಯಲ್ಲಿ ನಾಟಿಗೆ, ಕೊಯ್ಲಿಗೆ ಹೋಗುವ ಹೆಂಗಸಿನ ಮಟ್ಟಿಗೆ ಪ್ರಾಮಾಣಿಕವಾಗಿ ಯೋಚಿಸಬೇಕು. ಕೂಲಿ ಬಿಟ್ಟು ಐವತ್ತು ಕಿಲೋಮೀಟರ್ ಬರುವುದು ವರ್ಷಕ್ಕೆ ಎರಡು ಸಲ ಆಗದಿದ್ದರೆ, ಕಾಯುವ ದಾರಿ ಕಾಗದದ ಮೇಲೆ ಮಾತ್ರ ಸುರಕ್ಷಿತ.

ಸಿಐಎನ್ 3 ಆದರೆ ಕಾಯಬಾರದು. ಇದಕ್ಕೆ ಸಾಕ್ಷಿ ಬಂದದ್ದು ಬಹಳ ನೋವಿನ ದಾರಿಯಿಂದ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿದ್ದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ 1966ರಿಂದ ಡಾ. ಹರ್ಬರ್ಟ್ ಗ್ರೀನ್, ಈ ದರ್ಜೆ ಕ್ಯಾನ್ಸರಾಗುವುದಿಲ್ಲ ಎಂದು ನಂಬಿ, ಕೆಲವು ಹೆಂಗಸರಿಗೆ ಪೂರ್ಣ ಚಿಕಿತ್ಸೆ ಕೊಡದೆ ಗಮನಿಸುತ್ತ ಹೋದರು. ಆ ಹೆಂಗಸರಿಗೆ ಇದು ಗೊತ್ತೇ ಇರಲಿಲ್ಲ. 1987ರಲ್ಲಿ ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದರು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ವಿಚಾರಣಾ ವರದಿ 1988ರಲ್ಲಿ ಬಂತು. ಆ ದಾಖಲೆಗಳನ್ನು ಮತ್ತೆ ಲೆಕ್ಕ ಹಾಕಿದ 2008ರ ಅಧ್ಯಯನ ಹೇಳಿದ್ದು ಇಷ್ಟು. ಬರೀ ಚೂರು ತೆಗೆದು ಬಿಟ್ಟವರಲ್ಲಿ 30 ವರ್ಷದೊಳಗೆ ಶೇ 31ರಷ್ಟು ಮಂದಿಗೆ ಕ್ಯಾನ್ಸರ್ ಬಂತು. ಎರಡು ವರ್ಷದೊಳಗೆ ಬದಲಾವಣೆ ಹಾಗೇ ಉಳಿದದ್ದು ಗೊತ್ತಾದವರಲ್ಲಿ ಅದು ಶೇ 50. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಶೇ 0.7 ಮಾತ್ರ. ‘ಮತ್ತೆ ಬಂದಿದೆ’ ಎಂಬ ವರದಿಯನ್ನು ಕಡೆಗಣಿಸಬೇಡಿ ಎಂದು ಹೇಳಲು ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಬಸಿರಿಯರ ವಿಷಯ ಬೇರೆ. ಕ್ಯಾನ್ಸರಿನ ಅನುಮಾನ ಇಲ್ಲದಿದ್ದರೆ ಹೆರಿಗೆ ಆಗುವ ತನಕ ಕಾಲ್ಪೋಸ್ಕೋಪಿಯಲ್ಲಿ ನೋಡುತ್ತ ಇರುತ್ತಾರೆ, ಚಿಕಿತ್ಸೆ ಆಮೇಲೆ.

ಸುಡುವ ಚಿಕಿತ್ಸೆ, ಕತ್ತರಿಸುವ ಚಿಕಿತ್ಸೆ

ಕೆಟ್ಟ ಪದರವನ್ನು ಇದ್ದಲ್ಲೇ ನಾಶ ಮಾಡುವುದು ಒಂದು ಬಗೆ. ಕ್ರಯೋಥೆರಪಿಯಲ್ಲಿ ಅನಿಲದಿಂದ ಕೊರೆಯುವಷ್ಟು ತಣ್ಣಗಾದ ಲೋಹದ ತುದಿಯನ್ನು 3 ನಿಮಿಷ ಒತ್ತಿ, 5 ನಿಮಿಷ ಬಿಟ್ಟು, ಮತ್ತೆ 3 ನಿಮಿಷ ಒತ್ತುತ್ತಾರೆ. ಥರ್ಮಲ್ ಅಬ್ಲೇಶನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದ ತುದಿಯನ್ನು 20ರಿಂದ 30 ಸೆಕೆಂಡು ಒತ್ತಿದರೆ ಆಯಿತು. ಎರಡಕ್ಕೂ ಆಪರೇಷನ್ ಥಿಯೇಟರ್ ಬೇಕಿಲ್ಲ. ಬ್ಯಾಟರಿಯಲ್ಲಿ ನಡೆಯುವ ಕೈಯಳತೆಯ ಥರ್ಮಲ್ ಉಪಕರಣ ಬಂದ ಮೇಲೆ ತಾಲ್ಲೂಕು ಮಟ್ಟದಲ್ಲೂ ಇದು ಸಾಧ್ಯ. ನೂರರಲ್ಲಿ ಸುಮಾರು 85ರಿಂದ 90 ಮಂದಿಗೆ ಗುಣ ಕಾಣುತ್ತದೆ. ಕೆಲ ವಾರ ನೀರಿನಂಥ ಸ್ರಾವ ಹೋಗುತ್ತದೆ, ಅದು ಸಹಜ.

ಆದರೆ ಎಲ್ಲರಿಗೂ ಹೊಂದುವುದಿಲ್ಲ. ಗಡಿ ಪೂರ್ತಿ ಕಾಣಬೇಕು, ಮಚ್ಚೆ ಒಳನಾಳಕ್ಕೆ ಇಳಿದಿರಬಾರದು, ಗರ್ಭಕೊರಳಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹರಡಿರಬಾರದು, ಕ್ಯಾನ್ಸರಿನ ಅನುಮಾನ ಇರಬಾರದು. ಸುಟ್ಟ ಮೇಲೆ ಲ್ಯಾಬಿಗೆ ಕಳಿಸಲು ಏನೂ ಉಳಿಯುವುದಿಲ್ಲವಾದ್ದರಿಂದ ಈ ನಿಯಮಗಳಲ್ಲಿ ಸಡಿಲಿಕೆ ಸಲ್ಲದು.

ಇನ್ನೊಂದು ಬಗೆ ಕತ್ತರಿಸಿ ತೆಗೆಯುವುದು. ಲೀಪ್ ಅಥವಾ ಎಲ್‌ಎಲ್‌ಇಟಿಝಡ್ ಎನ್ನುವ ವಿಧಾನದಲ್ಲಿ ಗರ್ಭಕೊರಳಿಗೆ ಮರಗಟ್ಟಿಸುವ ಸೂಜಿ ಚುಚ್ಚಿ, ವಿದ್ಯುತ್ ಹರಿಯುವ ತೆಳುವಾದ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಒಂದೇ ಎಳೆತದಲ್ಲಿ ತೆಗೆಯುತ್ತಾರೆ. ಹತ್ತು–ಹದಿನೈದು ನಿಮಿಷದ ಕೆಲಸ. ನೂರರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ತೆಗೆದ ತುಂಡು ಲ್ಯಾಬಿಗೆ ಹೋಗುತ್ತದೆ ಎಂಬುದೇ ಇದರ ದೊಡ್ಡ ಅನುಕೂಲ, ಒಳಗೆ ಕ್ಯಾನ್ಸರ್ ಅಡಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಚಾಕುವಿನಿಂದ ಶಂಕುವಿನಾಕಾರದಲ್ಲಿ ತೆಗೆಯುವ ಕೋನೈಸೇಶನ್ ಹಳೆಯ ವಿಧಾನ. ಗ್ರಂಥಿಕೋಶಗಳ ಬದಲಾವಣೆಗೆ, ನಾಳದೊಳಗೆ ಆಳಕ್ಕೆ ಹೋದದ್ದಕ್ಕೆ ಈಗಲೂ ಅದು ಬೇಕಾಗುತ್ತದೆ. ಅರಿವಳಿಕೆ ಕೊಟ್ಟು ಮಾಡಬೇಕು.

ಸುಟ್ಟರೂ ಕತ್ತರಿಸಿದರೂ ಒಂದು ತಿಂಗಳು ದಾಂಪತ್ಯ ಸಂಬಂಧ ಬೇಡ. ಮೊದಲ ವಾರಗಳಲ್ಲಿ ಮೂಟೆ ಹೊರುವುದು, ತುಂಬಿದ ಕೊಡ ಎತ್ತುವುದು ಬೇಡ. ಮುಟ್ಟಿಗಿಂತ ಹೆಚ್ಚು ರಕ್ತ ಹೋದರೆ, ಜ್ವರ ಬಂದರೆ, ಸ್ರಾವ ನಾತ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯಾದರೂ ಮರಳುವುದೇಕೆ

ಚಿಕಿತ್ಸೆ ತೆಗೆಯುವುದು ಕೆಟ್ಟ ಕೋಶಗಳನ್ನು, ವೈರಸ್ಸನ್ನಲ್ಲ. ಗದ್ದೆಯ ಕಳೆ ಕಿತ್ತ ಮೇಲೂ ಮಣ್ಣಿನಲ್ಲಿ ಬೀಜ ಉಳಿಯುವಂತೆ ಸುತ್ತಲಿನ ಸಹಜವಾಗಿ ಕಾಣುವ ಕೋಶಗಳಲ್ಲಿ ಅದು ಉಳಿದಿರಬಹುದು. ಹೆಚ್ಚಿನವರಲ್ಲಿ ಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ದೇಹ ಅದನ್ನೂ ಅಡಗಿಸುತ್ತದೆ, ಕೆಲವರಲ್ಲಿ ಇಲ್ಲ. ಎರಡನೆಯ ಕಾರಣ ಆಳ. ಬದಲಾದ ಕೋಶಗಳು ಗ್ರಂಥಿಗಳ ಸಂದಿಗಳಲ್ಲಿ ಸುಮಾರು 5 ಮಿಲಿಮೀಟರ್ ತನಕ ಇಳಿದಿರುತ್ತವೆ. ಅದಕ್ಕೇ ಚಿಕಿತ್ಸೆ 7 ಮಿಲಿಮೀಟರ್ ಆದರೂ ತಲುಪಬೇಕೆಂದು ಹೇಳುವುದು. ಮೇಲೆ ಮೇಲೆ ಸುಟ್ಟರೆ ಬೇರು ಉಳಿಯುತ್ತದೆ.

ಲೀಪ್ ಆದವರು ಪೆಥಾಲಜಿ ವರದಿಯಲ್ಲಿ ‘ಮಾರ್ಜಿನ್’ ಎಂಬ ಸಾಲನ್ನು ಹುಡುಕಬೇಕು. ತುಂಡಿನ ಅಂಚಿನ ತನಕ ಕೆಟ್ಟ ಕೋಶಗಳಿದ್ದರೆ ಪಾಸಿಟಿವ್. ಹಲವು ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಅಂಚು ಪಾಸಿಟಿವ್ ಆದವರಲ್ಲಿ ಶೇ 17ರಷ್ಟು ಮಂದಿಗೆ ಬದಲಾವಣೆ ಉಳಿದಿತ್ತು ಇಲ್ಲವೇ ಮರಳಿತ್ತು, ಅಂಚು ಶುದ್ಧವಾಗಿದ್ದವರಲ್ಲಿ ಶೇ 4ಕ್ಕಿಂತ ಕಡಿಮೆ. ಆದರೆ ಅದೇ ಅಧ್ಯಯನ ಅಂಚಿಗಿಂತ ನಂಬಬಹುದಾದ ಇನ್ನೊಂದು ಸೂಚನೆಯನ್ನೂ ಕೊಟ್ಟಿತು. ಚಿಕಿತ್ಸೆಯ ನಂತರ ಎಚ್‌ಪಿವಿ ಪರೀಕ್ಷೆ ನೆಗೆಟಿವ್ ಬಂದವರಲ್ಲಿ ಈ ಅಪಾಯ ಶೇ 1ಕ್ಕಿಂತಲೂ ಕೆಳಗೆ ಇತ್ತು. ಅಂಚು ಪಾಸಿಟಿವ್ ಎಂದ ಮಾತ್ರಕ್ಕೆ ಕೂಡಲೇ ಎರಡನೇ ಸಲ ಕತ್ತರಿಸಬೇಕಿಲ್ಲ, ಆರು ತಿಂಗಳಿಗೆ ಎಚ್‌ಪಿವಿ ಪರೀಕ್ಷೆ ಮಾಡಿಸಿ ನೋಡಬಹುದು ಎನ್ನುವುದಕ್ಕೆ ಇದೇ ಆಧಾರ.

ಬೀಡಿ, ಸಿಗರೇಟಿನ ಹೊಗೆ ವೈರಸ್ಸನ್ನು ಉಳಿಸಿಕೊಳ್ಳುತ್ತದೆ. ಇದು ಗಟ್ಟಿಯಾಗಿ ಸಾಬೀತಾದ ಮಾತು. ಎಲೆ–ಅಡಿಕೆಯ ಜೊತೆಗಿನ ತಂಬಾಕು, ಹಲ್ಲಿಗೆ ತಿಕ್ಕುವ ಕಡ್ಡಿಪುಡಿ ನಮ್ಮ ಹೆಂಗಸರಲ್ಲಿ ಹೊಗೆಗಿಂತ ಹೆಚ್ಚು. ಬಾಯಿಯ ಕ್ಯಾನ್ಸರ್ ಒಂದೇ ಸಾಕು ಅವನ್ನು ಬಿಡಲು.

ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರಿನ ಅಪಾಯ ಆರು ಪಟ್ಟು. ಮರುಕಳಿಸುವುದೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ 25ನೇ ವಯಸ್ಸಿನಿಂದಲೇ ತಪಾಸಣೆ ಹೇಳುತ್ತದೆ, 3ರಿಂದ 5 ವರ್ಷಕ್ಕೊಮ್ಮೆ. ಉಳಿದವರಿಗೆ 30ರಿಂದ. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ತಪ್ಪದೆ ನುಂಗುವುದು ಗರ್ಭಕೊರಳಿಗೂ ರಕ್ಷಣೆ. ಎಆರ್‌ಟಿ ಕೇಂದ್ರಕ್ಕೆ ಮಾತ್ರೆಗೆ ಬರುವ ದಿನವೇ ಈ ತಪಾಸಣೆಯೂ ಆಗುವಂತಾದರೆ ಎಷ್ಟೋ ಜೀವ ಉಳಿಯುತ್ತದೆ.

ಚಿಕಿತ್ಸೆಯ ಹೊತ್ತಿಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ಮರುಕಳಿಕೆ ತಗ್ಗೀತೇ ಎಂದು ಬಹಳ ಮಂದಿ ಕೇಳುತ್ತಾರೆ. ತಗ್ಗುತ್ತದೆ ಎಂದ ಅಧ್ಯಯನಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ಗಟ್ಟಿ ಪ್ರಯೋಗಗಳಲ್ಲ. ಇರುವ ಸೋಂಕನ್ನು ಲಸಿಕೆ ವಾಸಿ ಮಾಡುವುದಿಲ್ಲ. ಅದು ನಿಜಕ್ಕೂ ಕೆಲಸ ಮಾಡುವುದು ಸೋಂಕು ತಗುಲುವ ಮೊದಲು, 9ರಿಂದ 14 ವಯಸ್ಸಿನ ಹುಡುಗಿಯರಲ್ಲಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರಿಂದ ಮಾರುಕಟ್ಟೆಯಲ್ಲಿದೆ. ತಾಯಿಗೆ ಈ ತೊಂದರೆ ಬಂದ ಮನೆಯಲ್ಲಿ ಮಗಳಿಗೆ ಲಸಿಕೆ ಹಾಕಿಸುವ ಮಾತು ಅಂದೇ ಆಗಬೇಕು.

ಮುಂದೆ ಮಗು ಬೇಕೆನ್ನುವವರಿಗೆ

ಕತ್ತರಿಸುವ ಚಿಕಿತ್ಸೆಯಿಂದ ಬಸಿರು ನಿಲ್ಲುವುದಕ್ಕೆ ತೊಂದರೆ ಇಲ್ಲ. ಆದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಏರುತ್ತದೆ. 2016ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಚಿಕಿತ್ಸೆ ಪಡೆಯದವರಲ್ಲಿ ಇದು ನೂರಕ್ಕೆ ಸುಮಾರು 5, ಪಡೆದವರಲ್ಲಿ ಸುಮಾರು 11. ತೆಗೆದ ತುಂಡು ಆಳವಾದಷ್ಟೂ ಅಪಾಯ ಹೆಚ್ಚು. 20 ಮಿಲಿಮೀಟರ್ ದಾಟಿದರೆ ಸುಮಾರು ಮೂರು ಪಟ್ಟು. ಎರಡನೇ ಸಲ ಕತ್ತರಿಸಿದರೆ ಇನ್ನೂ ಏರುತ್ತದೆ. ಹೀಗಾಗಿ ಮಕ್ಕಳಾಗದವರಲ್ಲಿ ಕೆಳದರ್ಜೆಯ ಬದಲಾವಣೆಗೆ ಅವಸರದ ಲೀಪ್ ಮಾಡುವುದನ್ನು ನಾನು ಒಪ್ಪಲಾರೆ. ನಿಯಮಗಳಿಗೆ ಹೊಂದುವುದಾದರೆ ಅವರಿಗೆ ಸುಡುವ ಚಿಕಿತ್ಸೆ ಮೇಲು. ಮೊದಲೊಮ್ಮೆ ಲೀಪ್ ಆದವರು ಬಸಿರಾದಾಗ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಬೇಕು, ಗರ್ಭಕೊರಳಿನ ಉದ್ದವನ್ನು ಸ್ಕ್ಯಾನಿನಲ್ಲಿ ನೋಡುತ್ತ ಇರಲು ಅನುಕೂಲ.

ಗರ್ಭಚೀಲ ತೆಗೆಸುವ ಮಾತು

ನಮ್ಮ ಭಾಗದಲ್ಲಿ ಬಿಡಿಸಿ ಹೇಳಬೇಕಾದದ್ದು ಇದು. ಬಿಳುಪು ಹೋಗುತ್ತದೆ, ಸೊಂಟ ನೋಯುತ್ತದೆ ಎಂದು ಹೋದವರಿಗೆ ಸ್ಕ್ಯಾನ್ ಮಾಡಿ, ‘ಗರ್ಭಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಕೊಯ್ದುಹಾಕಿದ ಚರಿತ್ರೆ ಕಲ್ಯಾಣ ಕರ್ನಾಟಕಕ್ಕೆ ಇದೆ. ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಇದರ ವಿರುದ್ಧ ಹೆಂಗಸರು ಬೀದಿಗಿಳಿದರು. ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳವರು, ದಲಿತರು. ಆರೋಗ್ಯ ಇಲಾಖೆ ತನಿಖೆ ನಡೆಸಿತು. ಇದೇ ಪಿಡುಗಿನ ಬಗ್ಗೆ ಡಾ. ನರೇಂದ್ರ ಗುಪ್ತಾ ಹೂಡಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದಿತು.

ಸ್ಕ್ಯಾನಿನಲ್ಲಿ ಸಿಐಎನ್ ಕಾಣುವುದೇ ಇಲ್ಲ. ಕೋಶಬದಲಾವಣೆಗೆ ಗರ್ಭಕೋಶ ತೆಗೆಯುವುದು ಮೊದಲ ಚಿಕಿತ್ಸೆ ಅಲ್ಲ. ಲೀಪ್ ಆಗಿಯೂ ಮೇಲ್ದರ್ಜೆ ಮರಳಿದರೆ ಮೊದಲ ಆಯ್ಕೆ ಮತ್ತೊಮ್ಮೆ ಕತ್ತರಿಸಿ ತೆಗೆಯುವುದೇ. ಗರ್ಭಕೊರಳು ತೀರಾ ಗಿಡ್ಡವಾಗಿ ಇನ್ನು ಕತ್ತರಿಸಲು ಆಗದಿದ್ದಾಗ, ಗ್ರಂಥಿಕೋಶಗಳ ಮೇಲ್ದರ್ಜೆ ಬದಲಾವಣೆ ಇದ್ದು ಮಕ್ಕಳು ಸಾಕೆನಿಸಿದಾಗ, ಫೈಬ್ರಾಯ್ಡ್‌ನಂಥ ಬೇರೆ ಕಾರಣ ಜೊತೆಗಿದ್ದಾಗ ಗರ್ಭಕೋಶ ತೆಗೆಯುವುದು ನ್ಯಾಯವಾದ ನಿರ್ಧಾರ. ಅದಕ್ಕೂ ಮೊದಲು ಒಳಗೆ ಕ್ಯಾನ್ಸರ್ ಇಲ್ಲವೆಂದು ಬಯಾಪ್ಸಿಯಿಂದ ಖಚಿತವಾಗಬೇಕು. ಅಡಗಿದ ಕ್ಯಾನ್ಸರಿನ ಮೇಲೆ ಸಾಮಾನ್ಯ ಶಸ್ತ್ರಚಿಕಿತ್ಸೆ ಮಾಡಿಬಿಟ್ಟರೆ ಮುಂದಿನ ಚಿಕಿತ್ಸೆ ಬಿಗಡಾಯಿಸುತ್ತದೆ. ಚೀಲ ತೆಗೆದ ಮೇಲೂ ಯೋನಿಯ ಮೇಲ್ತುದಿಯಲ್ಲಿ ಅದೇ ವೈರಸ್ ಅದೇ ಬದಲಾವಣೆ ತರಬಲ್ಲದು, ಆದ್ದರಿಂದ ತಪಾಸಣೆ ನಿಲ್ಲುವುದಿಲ್ಲ. ಅಂಡಾಶಯವನ್ನೂ ಜೊತೆಗೆ ತೆಗೆಯುತ್ತಾರೆಯೇ ಎಂದು ಸಹಿ ಹಾಕುವ ಮೊದಲು ಕೇಳಲೇಬೇಕು. ನಲವತ್ತರೊಳಗೆ ಅದು ಹೋದರೆ ಮೂಳೆ, ಹೃದಯ ಎರಡಕ್ಕೂ ಹೊಡೆತ.

ಬಳ್ಳಾರಿಯಿಂದ ದಾರಿ

ದೇಶದಲ್ಲಿ 2022ರಲ್ಲಿ ಅಂದಾಜು 1,27,000 ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬಂತು, ಸುಮಾರು 80,000 ಮಂದಿ ತೀರಿಕೊಂಡರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ತಪಾಸಣೆಯಾಗಿದ್ದವರು ನೂರಕ್ಕೆ ಇಬ್ಬರೂ ಇಲ್ಲ. ಒಮ್ಮೆ ತಪಾಸಣೆಯಾದರೆ ಎಷ್ಟು ಫಲ ಎಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಬೀದರ್‌ಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ, ಈಗಿನ ಧಾರಾಶಿವದ, ಹಳ್ಳಿಗಳಲ್ಲಿ ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 1,31,746 ಹೆಂಗಸರನ್ನು ಸೇರಿಸಿ ನಡೆಸಿದ ಪ್ರಯೋಗದ ಫಲಿತಾಂಶ 2009ರಲ್ಲಿ ಹೊರಬಂತು. ಒಂದೇ ಸಲದ ಎಚ್‌ಪಿವಿ ಪರೀಕ್ಷೆ, ಬೇಕಾದವರಿಗೆ ಚಿಕಿತ್ಸೆ, ಇಷ್ಟರಿಂದಲೇ ಎಂಟು ವರ್ಷದಲ್ಲಿ ಈ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿದಿತ್ತು. ಅಲ್ಲಿನ ಹೆಂಗಸರ ಬದುಕಿಗೂ ನಮ್ಮ ಸಿರುಗುಪ್ಪ, ಕುರುಗೋಡಿನವರ ಬದುಕಿಗೂ ದೊಡ್ಡ ವ್ಯತ್ಯಾಸ ಇಲ್ಲ.

ಸರ್ಕಾರಿ ಪದ್ಧತಿಯಲ್ಲಿ 30 ದಾಟಿದವರ ತಪಾಸಣೆ ಆಶಾ ಕಾರ್ಯಕರ್ತೆಯ ಪ್ರಶ್ನಾವಳಿಯಿಂದ ಶುರುವಾಗುತ್ತದೆ. ಅಸಿಟಿಕ್ ಆಮ್ಲ ಹಚ್ಚಿ ನೋಡುವ ‘ವಿಯಾ’ ಪರೀಕ್ಷೆ ಸರ್ಕಾರಿ ತಪಾಸಣೆಯ ಮುಖ್ಯ ವಿಧಾನ. ಅನುಮಾನ ಬಂದರೆ ಮುಂದಿನ ಮೆಟ್ಟಿಲು ಬಳ್ಳಾರಿ ನಗರ. 1961ರಲ್ಲಿ ಶುರುವಾಗಿ ವಿಮ್ಸ್ ಎಂದೇ ಊರವರ ಬಾಯಲ್ಲಿ ನೆಲೆಸಿರುವ, ಈಗ ಬಿಎಂಸಿಆರ್‌ಸಿ ಎಂಬ ಹೆಸರಿನ ಸರ್ಕಾರಿ ವೈದ್ಯಕೀಯ ಕಾಲೇಜು ಇಲ್ಲಿದೆ. ಜಟಿಲ ಪ್ರಕರಣಗಳಿಗೆ 1973ರಿಂದ ಬೆಂಗಳೂರಿನಲ್ಲಿರುವ ಕಿದ್ವಾಯಿ ಸಂಸ್ಥೆ, ಅದರದೇ ಕಲಬುರಗಿ ಕೇಂದ್ರ, ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆ ಇವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದ ತನಕ ನೆರವಿದೆ. ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಯಾವ ಚಿಕಿತ್ಸೆ ಇದರಲ್ಲಿ ಬರುತ್ತದೆ, ಯಾವುದಕ್ಕೆ ರೆಫರಲ್ ಚೀಟಿ ಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮೇಲ್ದರ್ಜೆಗೆ ಚಿಕಿತ್ಸೆಯಾದವರ ನಿಗಾ ದೀರ್ಘ. ಅಮೆರಿಕದ ಮಾರ್ಗಸೂಚಿ ಆರು ತಿಂಗಳಿಗೊಂದು ಎಚ್‌ಪಿವಿ ಪರೀಕ್ಷೆ, ಆಮೇಲೆ ಮೂರು ವರ್ಷ ವರ್ಷಕ್ಕೊಂದು, ಆಮೇಲೆ ಮೂರು ವರ್ಷಕ್ಕೊಂದರಂತೆ ಕನಿಷ್ಠ 25 ವರ್ಷ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಹನ್ನೆರಡನೇ ತಿಂಗಳಿಗೆ ಎಚ್‌ಪಿವಿ ಪರೀಕ್ಷೆ ಆಗಬೇಕೆನ್ನುತ್ತದೆ. ಮೈಸೂರಿನ ಹಳ್ಳಿಗಳಲ್ಲಿ ಡಾ. ಪೂರ್ಣಿಮಾ ಮಧಿವಾಣನ್ ಅವರ ತಂಡ ಹೆಂಗಸರೇ ತಮ್ಮ ಮಾದರಿ ತೆಗೆದುಕೊಡುವ ಬಗೆಯನ್ನು ಪ್ರಯತ್ನಿಸಿದೆ. ನಾಚಿಕೆಯಿಂದ ದೂರ ಉಳಿಯುವವರಿಗೆ ಅದು ನಮ್ಮ ಜಿಲ್ಲೆಗೂ ಬೇಕು.

ಇಷ್ಟು ದೀರ್ಘ ನಿಗಾದಲ್ಲಿ ಡಾಕ್ಟರು ಬದಲಾಗುತ್ತಾರೆ, ಲ್ಯಾಬು ಬದಲಾಗುತ್ತದೆ, ಊರೂ ಬದಲಾಗಬಹುದು. ಪ್ಯಾಪ್, ಎಚ್‌ಪಿವಿ, ಬಯಾಪ್ಸಿ, ಲೀಪ್ ವರದಿಗಳನ್ನೆಲ್ಲ ತಾರೀಖಿನಂತೆ ಒಂದೇ ಫೈಲಿನಲ್ಲಿ ಇಡಬೇಕು, ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರ ಬಳಿಯೂ ಇಟ್ಟಿರಬೇಕು. ಬಯಾಪ್ಸಿಯ ತುಂಡನ್ನು ಲ್ಯಾಬಿನವರು ಮೇಣದ ಬ್ಲಾಕಿನಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ದರ್ಜೆಯ ಬಗ್ಗೆ ಅನುಮಾನ ಇದ್ದರೆ ಆ ಬ್ಲಾಕು ಮತ್ತು ಸ್ಲೈಡುಗಳನ್ನು ಬರೆದುಕೊಟ್ಟು ಪಡೆದು, ಕಿದ್ವಾಯಿಯಂಥ ಕಡೆ ಮತ್ತೊಬ್ಬ ಪೆಥಾಲಜಿ ತಜ್ಞರಿಂದ ಓದಿಸಬಹುದು. ಹಾಗೆ ಓದಿಸುವುದಕ್ಕೆ ಮತ್ತೆ ಚೂರು ತೆಗೆಸಿಕೊಳ್ಳಬೇಕಿಲ್ಲ, ರೋಗಿಯೇ ಬೆಂಗಳೂರಿಗೆ ಹೋಗಬೇಕೆಂದೂ ಇಲ್ಲ. ವರದಿಗಳ ಜೊತೆ ಮನೆಯವರು ಯಾರಾದರೂ ಹೋಗಿ ಬಂದರೆ ಸಾಕಾಗುವುದುಂಟು.